ವಿಭೂತಿಯ ಕೆಳಗಿನ ಬಿಳುಪು

ಒಡಹುಟ್ಟಿದ ಅಕ್ಕನನ್ನು ಕರೆದಂತೆ ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದ ಮಾಬುಸಾಬನಿಗೆ,

ನಾನು ಶಿವಲಿಂಗವ್ವ. ಹಾನಗಲ್ಲಿನ ಭತ್ತದ ವ್ಯಾಪಾರದ ಮನೆಯ ಹಿರಿಯಳು. ಮ್ಯಾಟ್ರಿಕ್‌ವರೆಗೆ ಓದಿದವಳು. ಮೂವರು ಗಂಡುಮಕ್ಕಳು ಇಂದಿಗೂ ನನ್ನನ್ನು ಕೇಳದೆ ಒಂದು ಗಾಡಿ ಹೊರಗೆ ತೆಗೆಯುವುದಿಲ್ಲ. ಇಪ್ಪತ್ತೆರಡು ವರ್ಷ ನಮ್ಮ ಜೀಪು ಓಡಿಸಿದ ನಿನಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಆದರೆ ನಿನ್ನ ಮೇಲೆ ಅಪವಾದ ಹೊರಿಸುವಾಗ ಯಾವ ಗತ್ತಿನಲ್ಲಿ ನಿಂತಿದ್ದೆನೋ, ಅದೇ ಗತ್ತಿನಲ್ಲಿ ನಿಂತು ಈ ಕಾಗದ ಬರೆಯಬೇಕು.

ಆ ಅಮಾವಾಸ್ಯೆ ನೆನಪಿದೆಯೇ? ಪ್ರತಿ ಅಮಾವಾಸ್ಯೆಯಂತೆ ಬಾನೆಟ್ ಎತ್ತಿಸಿ, ಇಂಜಿನ್ನಿಗೂ ರೇಡಿಯೇಟರಿಗೂ ವಿಭೂತಿ ಹಚ್ಚುತ್ತಿದ್ದೆ. ಹಳೆಯದನ್ನು ಒರೆಸದೆ ಅದರ ಮೇಲೇ ಹಚ್ಚುವುದು ನನ್ನ ಪದ್ಧತಿ. ನೀನು ಬಗ್ಗಿ ನೋಡಿದೆ.

“ಅಕ್ಕಾರ, ಈ ಮುಚ್ಚಳದ ಸುತ್ತ ಬೆಳ್ಳಗ ಕಟ್ಟೇತಿ. ವಿಭೂತಿ ಅಷ್ಟ ಅಲ್ಲ ಅನಸ್ತೈತಿ. ಒರೆಸಿ ನೋಡ್ಲೇನ್ರಿ?”

“ನಾ ಹಚ್ಚಿದ್ದನ್ನ ನೀ ಒರಸ್ತೀಯೇನು? ಸ್ಟೇರಿಂಗ್ ಹಿಡಿಯೋದು ನಿನ್ನ ಕೆಲಸ, ಅದನ್ನ ಮಾಡು.”

ಚಾಚಿದ್ದ ಕೈಯನ್ನು ನೀನು ಹಿಂದಕ್ಕೆ ಎಳೆದುಕೊಂಡೆ. “ಆತ್ರಿ. ನಿಮ್ಮ ದೇವರು ಕಾಯ್ಲಿ, ನಾ ನೀರ ಹಾಕ್ತೇನಿ,” ಎಂದು ನಕ್ಕೆ. ಬೇರೆ ಯಾರಾದರೂ ಆಗಿದ್ದರೆ ನಾನು ಒಳಗೆ ಹೋದಮೇಲೆ ಕದ್ದಾದರೂ ಒರೆಸಿ ನೋಡುತ್ತಿದ್ದರು. ನೀನು ಒರೆಸಲಿಲ್ಲ. ಅದು ನನ್ನ ಮೇಲಿನ ಭಯವೋ, ನನ್ನ ದೇವರ ಮೇಲಿನ ಮರ್ಯಾದೆಯೋ…

ಬಂಕಾಪುರದ ಹತ್ತಿರ ಜೀಪು ಹೊಗೆಯಾಡಿ ನಿಂತ ದಿನ ಮೊಮ್ಮಗಳನ್ನು ಹೆಣ್ಣು ನೋಡಲು ಬಂದಿದ್ದ ಸವಣೂರಿನ ಬೀಗರನ್ನು ಬಿಡಲು ಹೊರಟಿದ್ದೆವು. ಅಷ್ಟು ದೊಡ್ಡ ಜನ ರಸ್ತೆಬದಿಯಲ್ಲಿ ಸೆರಗು, ಟವೆಲ್ಲು ಮೂಗಿಗೆ ಹಿಡಿದು ನಿಂತರು. ಇಂಜಿನ್ನಿನ ಹೆಡ್ಡು ಸುಟ್ಟುಹೋಗಿತ್ತು. ರೇಡಿಯೇಟರಿನಲ್ಲಿ ಬೊಗಸೆ ನೀರೂ ಇರಲಿಲ್ಲ.

“ಮುಂಜಾನಿ ತುಂಬಿದ್ದೆನ್ರಿ ಅಕ್ಕಾರ. ಖರೇನ ತುಂಬಿದ್ದೆ.”

“ಕನಸಿನ್ಯಾಗ ತುಂಬಿರಬೇಕು ತಗೋರಿ,” ಎಂದು ಹಿರಿಯ ಬೀಗರು ನಕ್ಕರು. ಆ ನಗುವನ್ನು ನನಗೆ ತಾಳಲಾಗಲಿಲ್ಲ. ನಿನ್ನ ಮುಂದೆ ಕೈಚಾಚಿ, “ಚಾವಿ ಕೊಡು. ನೀರ ನೋಡಲಾರದ ಡ್ರೈವರ್ ನಮ್ಮ ಮನಿಗೆ ಬ್ಯಾಡ,” ಎಂದೆ. ನೀನು ಚಾವಿ ಕೊಟ್ಟು, ಸೀಟಿನ ಮೇಲಿದ್ದ ಟವೆಲ್ಲು ತೆಗೆದುಕೊಂಡು ಬಂಕಾಪುರದ ಕಡೆ ನಡೆದೆ.

ನಮ್ಮ ಮನೆಯಿಂದ ಬಿಡಿಸಿದ ಡ್ರೈವರಿಗೆ ಹಾನಗಲ್ಲಿನಲ್ಲಿ ಯಾರು ಗಾಡಿ ಕೊಡುತ್ತಾರೆ? ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದೀಯೆಂದು ಕೇಳಿದ್ದೆ. ಕೇಳಿಯೂ ಸುಮ್ಮನಿದ್ದೆ. ಹೋದ ಶ್ರಾವಣದಲ್ಲಿ ಎದೆನೋವಿನಿಂದ ನೀನು ಹೋದಾಗ ಮಣ್ಣಿಗೆ ಮಗನನ್ನು ಕಳಿಸಿದೆ. ನಾನು ಬರಲಿಲ್ಲ.

ಈ ವರ್ಷ ಮಗಳ ಕಾಲಿನ ಆಪರೇಷನ್ನಿಗೆಂದು ಎರಡು ತಿಂಗಳು ಹಿರೇಕೆರೂರಿನಲ್ಲಿದ್ದೆ. ಹೋಗುವ ಮುಂಚೆ ಜೀಪನ್ನು ಒಳಗೂ ಹೊರಗೂ ತೊಳೆಸಿದ್ದೆವು. ಮರಳಿ ಬಂದು, ಅಮಾವಾಸ್ಯೆಯ ಮಧ್ಯಾಹ್ನ ಬಾನೆಟ್ ಎತ್ತಿಸಿದರೆ ರೇಡಿಯೇಟರ್ ಮುಚ್ಚಳದ ಸುತ್ತ ಬಿಳುಪು. ಥೇಟು ನಾನು ಹಚ್ಚಿದಂತೆ.

“ಇಲ್ಲಿ ವಿಭೂತಿ ಯಾರು ಹಚ್ಚಿದ್ರು?” ಎಂದು ಸೊಸೆಯನ್ನು ಕೇಳಿದೆ.

“ಯಾರೂ ಹಚ್ಚಿಲ್ರಿ ಅತ್ತಿ. ನೀವಿಲ್ಲದ ಬಾನೆಟ್ ಎತ್ತೋ ಧೈರ್ಯ ಯಾರಿಗೈತ್ರಿ?”

ಬೆನ್ನ ಹಿಂದೆ ಯಾರೋ ಬಗ್ಗಿ ನೋಡುತ್ತಿದ್ದಂತೆ, ಇನ್ನೇನು ‘ಅಕ್ಕಾರ’ ಎನ್ನುವಂತೆ. ತಿರುಗಿ ನೋಡಲು ನನಗೆ, ಈ ಶಿವಲಿಂಗವ್ವನಿಗೆ, ಆಗಲಿಲ್ಲ.

ಗ್ಯಾರೇಜಿನ ಫಕೀರಪ್ಪನನ್ನು ಕರೆಸಿದೆ. “ಮುಟ್ಟಿ ನೋಡ್ರಿ ಅವ್ವಾರ. ವಿಭೂತಿ ಆದ್ರ ಬೆರಳಿಗೆ ಬರತೈತಿ. ಇದು ಉಪ್ಪಿನಂಗ ಕಚ್ಚಿಕೊಂಡೈತಿ,” ಎಂದ. ಉಗುರಿನಿಂದ ಕೆರೆದರೆ ಒಳಗೆ ತೆಳು ಹಸಿರು, ರೇಡಿಯೇಟರಿನ ನೀರಿಗೆ ಬೆರೆಸುವ ಕೂಲಂಟಿನ ಬಣ್ಣ. ಅದನ್ನು ತೊಳೆದು, ಬಟ್ಟೆಯಿಂದ ಒಣಗಿಸಿ, ಅಕ್ಕಿಆಲೂರಿನವರೆಗೆ ಜೀಪು ಓಡಿಸಿಕೊಂಡು ಬಂದ. ಮುಚ್ಚಳದ ಅಂಚಿನಲ್ಲಿ ಆಗಲೇ ಹೊಸ ತೇವ. ಇಂಜಿನ್ ಪೂರಾ ತಣ್ಣಗಾಗುವವರೆಗೆ ಕಾದು ಮುಚ್ಚಳ ತಿರುವಿದ. ಒಳಗಿನ ರಬ್ಬರು ಒಣಗಿದ ಕೆರೆಯಂತೆ ಬಿರಿದಿತ್ತು. ಇಂಜಿನ್ ಚಾಲೂ ಮಾಡಿ ನೀರಿನಲ್ಲಿ ಗುಳ್ಳೆ ಏಳುತ್ತವೆಯೇ ಎಂದೂ ನೋಡಿದ. ಏಳಲಿಲ್ಲ.

“ಹೆಡ್ಡು ಚಲೋ ಐತ್ರಿ. ತಪ್ಪು ಮುಚ್ಚಳದ್ದ. ಬಿಸಿ ಆದಾಗೊಮ್ಮೆ ಇಷ್ಟಿಷ್ಟ ಹೊರಗ ಬಂದು, ನೀರು ಆರಿ, ಬಿಳುಪು ಉಳೀತೈತಿ. ರಬ್ಬರು ಪೂರಾ ಸೋತ್ರ ಮುಂಜಾನಿ ತುಂಬಿದ್ದು ಹಾದ್ಯಾಗ ಖಾಲಿ. ಹಿಂದ ಇಂಜಿನ್ ಕಟ್ಟಿದವ್ರು ಇದ ಹಳೇ ಮುಚ್ಚಳ ತಿರುಗಿ ಹಾಕ್ಯಾರ. ಮೊದಲ ಯಾರೂ ನೋಡಿದ್ದಿಲ್ಲೇನ್ರಿ?”

ನೀನು ನೋಡಿದ್ದೆಯಲ್ಲ ಮಾಬುಸಾಬ. ನೋಡಿ, ನನಗೆ ಹೇಳಿಯೂ ಇದ್ದೆಯಲ್ಲ.

ಮರುದಿನ ನಿನ್ನ ಮನೆಗೆ ಹೋದೆ. ನಿನ್ನ ಹೆಂಡತಿ ಹಜರತಬಿ ಚಾಪೆ ಹಾಸಿದಳು, ಎದುರಿಗೆ ಕೂರಲಿಲ್ಲ. ಎಲ್ಲ ಹೇಳಿದೆ. ಗೋಡೆ ನೋಡುತ್ತಾ ಕೇಳಿದಳು.

“ಸಾಯೂತನಕ ಒಂದ ಮಾತು ಕೇಳತಿದ್ರು ಅಕ್ಕಾರ. ‘ನಾ ಎಲ್ಲಿ ತಪ್ಪಿದೆ?’ ಅಂತ. ಕಡೀಕ ‘ನಾನ ನೀರ ಹಾಕೋದು ಮರತಿದ್ದೆನೋ ಏನೋ’ ಅನ್ನಾಕ ಹತ್ತಿದ್ರು. ಈಗ ನನಗೊಬ್ಬಾಕಿಗೆ ಹೇಳಿದ್ರ ಏನಾತ್ರಿ? ನೀವು ಅವರನ್ನ ಅಂದದ್ದು ಮಂದಿ ಮುಂದ.”

ನಿನಗೆ ನಿನ್ನ ಮೇಲೇ ಅನುಮಾನ ಬರುವಂತೆ ಮಾಡಿದೆನೇ ನಾನು? ನಿದ್ದೆಯಲ್ಲೂ ಇದೇ ಕೇಳುತ್ತಿದ್ದೆಯೇನೋ. ಈಗ ಅದು ನನ್ನ ನಿದ್ದೆಗೆ ಬಂದಿದೆ.

ಅವಳ ಮಾತು ಸರಿಯಿತ್ತು. ನಿನ್ನೆ ಹಜರತಬಿಯನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಸವಣೂರಿಗೆ ಹೋದೆ. ಅಂದು ರಸ್ತೆಬದಿಯಲ್ಲಿ ನಿಂತಿದ್ದ ಬೀಗರನ್ನೆಲ್ಲ ಪಡಸಾಲೆಗೆ ಕರೆಸಿದೆ. ಮಕ್ಕಳು ಬೇಡವೆಂದಿದ್ದರು, ಮೊಮ್ಮಗಳು ಬಾಳುವ ಮನೆ ಎಂದಿದ್ದರು. ನಾನು ನಿಂತುಕೊಂಡೇ ಹೇಳಿದೆ. “ಮಾಬುಸಾಬ ನೀರು ಹಾಕಿದ್ದ. ಗಾಡ್ಯಾಗಿನ ದೋಷನೂ ತೋರಿಸಿದ್ದ. ಒರೆಸಬ್ಯಾಡ ಅಂದಾಕಿ ನಾನು. ಇಂಜಿನ್ ಸುಟ್ಟಾಕಿ ನಾನು.”

ಹಿರಿಯ ಬೀಗರು ಮುಜುಗರಪಟ್ಟರು. “ಹೋಗ್ಲಿ ಬಿಡ್ರಿ ಅವ್ವಾರ, ಸತ್ತವರ ಮಾತು ಈಗ್ಯಾಕ?”

“ಇದು ಸತ್ತವನ ಮಾತಲ್ರಿ. ನನ್ನ ಮಾತು.”

ಬಾಗಿಲ ಬಳಿ ಕುಳಿತಿದ್ದ ಹಜರತಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅದರೊಳಗಿಂದಲೇ ಹೇಳಿದಳು: “ಇನ್ನೊಮ್ಮೆ ಹೇಳ್ರಿ ಅಕ್ಕಾರ.”

ನಾನು ಇನ್ನೊಮ್ಮೆ, ಮೊದಲಿಗಿಂತ ಗಟ್ಟಿಯಾಗಿ ಹೇಳಿದೆ.