ಚೀಟಿ ಕೇಳದ ಕಡಿತ

ಅಡುಗೆಮನೆಯ ಮೇಜಿನಿಂದ,
ಭಾನುವಾರ, ಮಾರ್ಚ್ ೧೭

ಪ್ರೀತಿಯ ಪುಟ್ಟೀ,

ಸಭೆಯಲ್ಲಿ ನೆರೆದಿರುವ ಮಹನೀಯರೇ, ಮಹಿಳೆಯರೇ, ಹಿಂದಿನ ಸಾಲಿನಲ್ಲಿ ಕೂತು ಈಗಲೇ ಆಕಳಿಸುತ್ತಿರುವ ನನ್ನ ತಂಗಿಯೇ, ಇಂದಿನ ಉಪನ್ಯಾಸದ ವಿಷಯ: ಆದಾಯ ತೆರಿಗೆಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಎಂದರೇನು. ಅದಕ್ಕೂ ಮೊದಲು, ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಅಂದರೆ ಕೇಳುವವಳಲ್ಲ ನೀನು. ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ. ಉಂಡದ್ದು ಏನು ಅಂತ ಆಮೇಲೆ ನೆನಪಿರುವುದಿಲ್ಲ, ಅಷ್ಟೇ.

ನೀನು ಫೋನಿನಲ್ಲಿ ಹೇಳಿದಂತೆ ತೆರಿಗೆ ಸಲಹೆಗಾರರ ಹತ್ತಿರ ಹೋಗಿದ್ದೆ. ಲಾಂಡ್ರಿಯ ಮೇಲಿನ ಕೋಣೆ; ಇಸ್ತ್ರಿಯ ಬಿಸಿ ನೆಲದಿಂದಲೇ ಏರಿ ಬಂದು, ಕೂತಲ್ಲೇ ಪ್ಯಾಂಟಿನ ಸುಕ್ಕು ಬಿಡುತ್ತದೆ. ವರ್ಷದ ಗಳಿಕೆಯಷ್ಟಕ್ಕೂ ತೆರಿಗೆ ಹಾಕುವುದಿಲ್ಲವಂತೆ. ಮೊದಲು ಒಂದಿಷ್ಟನ್ನು ಕಳೆದು, ಉಳಿದದ್ದಕ್ಕೆ ಮಾತ್ರ. ನಮ್ಮೂರಿನ ಹಾಗಲ್ಲ, ಈ ದೇಶದಲ್ಲಿ ಕಳೆಯುವುದಕ್ಕೆ ಎರಡು ದಾರಿ. ಆಸ್ಪತ್ರೆ, ಮನೆಸಾಲದ ಬಡ್ಡಿ, ದಾನ ಅಂತ ಖರ್ಚುಗಳನ್ನು ಬಿಲ್ಲು ಸಮೇತ ಒಂದೊಂದಾಗಿ ತೋರಿಸಬಹುದು. ಇಲ್ಲವೇ ಸರ್ಕಾರವೇ ಗೊತ್ತುಮಾಡಿದ ಒಂದು ಮೊತ್ತವನ್ನು ಸುಮ್ಮನೆ ಕಳೆದುಬಿಡಬಹುದು. ಈ ಎರಡನೆಯದೇ ಸ್ಟ್ಯಾಂಡರ್ಡ್. ಎರಡನ್ನೂ ಹಿಡಿಯುವ ಹಾಗಿಲ್ಲ. ದೊಡ್ಡದನ್ನು ಹಿಡಿದವನು ಜಾಣ.

ಬಸ್ ಡಿಪೋದ ಬಿಡಿಭಾಗಗಳ ಕೋಣೆಯಲ್ಲಿ ಚೀಟಿ ಇಲ್ಲದೆ ಒಂದು ನಟ್ಟೂ ಕೊಡದವನು ನಾನು. ಪುರಾವೆ ಏನು ಕೊಡಬೇಕು ಎಂದೆ. “ಏನೂ ಬೇಡ ಸಾರ್.” ಖರ್ಚೇ ಮಾಡದಿದ್ದರೆ ಎಂದೆ. “ಆಗಲೂ ಕಳೀತಾರೆ. ನೀವು ದುಡಿದ್ರಿ, ಬದುಕಿದ್ರಿ, ಅವರಿಗೆ ಅಷ್ಟು ಸಾಕು.” ಬಿಲ್ಲೂ ಬೇಡ, ಗುಲ್ಲೂ ಬೇಡ ಎಂದು ಪ್ರಾಸ ಕಟ್ಟಿದೆ. ಅವರು ನಗಲಿಲ್ಲ. ನಿನ್ನ ಅತ್ತಿಗೆ ಇದ್ದಿದ್ದರೆ, “ಇವರ ಪ್ರಾಸಕ್ಕೆ ತೆರಿಗೆ ಹಾಕಿದ್ರೆ ನಮ್ಮ ಮನೆ ಹರಾಜು” ಅನ್ನುತ್ತಿದ್ದಳು. ಅವಳು ಹೋದ ಮೇಲೆ ನನ್ನ ಪ್ರಾಸಗಳನ್ನು ಬೈಯುವವರಿಲ್ಲ. ಆಡಿದಲ್ಲೇ ಬಿದ್ದಿರುತ್ತವೆ.

“ಅಣ್ಣಾ, ಅತ್ತಿಗೆಯ ಆಸ್ಪತ್ರೆ ಬಿಲ್ಲೆಲ್ಲ ಕೂಡಿಸು, ಈ ವರ್ಷ ಬಿಲ್ಲಿನ ದಾರೀನೇ ಲಾಭ” ಅಂದಿದ್ದೆಯಲ್ಲ. ಬಿಲ್ಲುಗಳೆಲ್ಲ ಆಸ್ಪತ್ರೆಯ ಪ್ಲಾಸ್ಟಿಕ್ ಚೀಲದಲ್ಲೇ ಇವೆ, ಮುಂಬಾಗಿಲ ಹಿಂದಿನ ಮೊಳೆಯಲ್ಲಿ. ಅದು ಕೊಡೆಯ ಮೊಳೆ. ಕೊಡೆ ಈಗ ನೆಲದ ಮೇಲಿದೆ. ಬಾಗಿಲು ಪೂರ್ತಿ ತೆಗೆದರೆ ಚೀಲ ಗೋಡೆಗೆ ಒತ್ತಿ ಸರಬರ ಎನ್ನುತ್ತದೆ. ಹಾಗಾಗಿ ಅರ್ಧ ತೆಗೆದು ಅಡ್ಡಡ್ಡ ನುಸುಳುತ್ತೇನೆ. ಸೊರಗಿದ್ದೀಯ ಅನ್ನುತ್ತಾರೆ ಡಿಪೋದವರು. ನುಸುಳುವುದಕ್ಕೆ ಅನುಕೂಲವೇ ಆಯಿತು. ಬಿಲ್ಲುಗಳನ್ನು ಕೂಡಿಸಿ ನೋಡಿದೆ. ಗೊತ್ತುಮಾಡಿದ ಮೊತ್ತಕ್ಕಿಂತ ಸ್ವಲ್ಪ ಕಡಿಮೆಯೇ ಬಂತು. ಆದ್ದರಿಂದ ಸ್ಟ್ಯಾಂಡರ್ಡ್ ಎಂದೇ ತೀರ್ಮಾನಿಸಿದ್ದೇನೆ. ಉಪನ್ಯಾಸ ಮುಗಿಯಿತು. ಚಪ್ಪಾಳೆ ನಿಮ್ಮ ನಿಮ್ಮ ಇಷ್ಟ.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳು, ಮನೆಯವರನ್ನು ಕೇಳಿದೆನೆಂದು ತಿಳಿಸು. ಮಂಡಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ
ಅಣ್ಣ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇಷ್ಟು. ಕೂಡಿಸಿ ನೋಡಿದೆ ಅಂದದ್ದು ಸುಳ್ಳು. ಚೀಲದ ಗಂಟನ್ನೇ ಬಿಚ್ಚಿಲ್ಲ. ಆ ಗಂಟು ಹಾಕಿದವಳು ಅವಳು. ನಾಳೆ ಮನೆಗೆ ಕಳಿಸ್ತಾರೆ ಅಂತ, ಹೋಗುವ ಹಿಂದಿನ ಸಂಜೆಯೇ ಎಲ್ಲ ತುಂಬಿ, ಬಿಗಿಯಾಗಿ ಗಂಟು ಹಾಕಿ ಮಂಚದ ಕೆಳಗೆ ಇಟ್ಟಿದ್ದಳು. ಸಲಹೆಗಾರರಿಗೆ ಇನ್ನೂ ಹೂಂ ಅಂದಿಲ್ಲ, ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಬಿಲ್ಲು ಬೇಕೇ ಬೇಕು ಅಂತಿದ್ದರೆ ನೀನೇ ಬಂದು ಬಿಚ್ಚು. ಆ ಹೊತ್ತಿಗೆ ನನ್ನನ್ನು ಏನಾದರೂ ತರಲು ಅಂಗಡಿಗೆ ಕಳಿಸು.