ನಾನು ನೆಟ್ಟಗೆ ಮಾಡಿದ ಗೋಡೆ

ಮಾನ್ಯ ವೀಸಾ ಅಧಿಕಾರಿಗಳೇ,

ತಮ್ಮ ನಿರಾಕರಣೆಯ ಪತ್ರ ತಲುಪಿತು. ಇಂಗ್ಲೆಂಡಿನ ಹಳ್ಳಿಯೊಂದಕ್ಕೆ ನಾಲ್ಕು ದಿನ ಹೋಗಿಬರಲು ಅನುಮತಿ ಕೇಳಿದ್ದೆ. ಉದ್ದೇಶ ಎಂಬಲ್ಲಿ ‘ನನ್ನ ಚರ್ಚ್ ನೋಡಲು’ ಎಂದು ಬರೆದಿದ್ದೆ. ಸೌದಿ ವಾಸದ ಪರವಾನಗಿಯಾದ ಇಕಾಮಾದಲ್ಲಿ ಮುಸ್ಲಿಂ ಎಂದಿರುವವನಿಗೆ ಚರ್ಚ್ ಎಲ್ಲಿಂದ ಬಂತೆಂದು ತಮಗೆ ಸಂಶಯ. ತಪ್ಪು ನನ್ನದೇ. ಡ್ರಾಫ್ಟ್ಸ್‌ಮನ್‌ಗಳಾದ ನಾವು ನಕ್ಷೆ ಬರೆದ ಕಟ್ಟಡವನ್ನೆಲ್ಲ ನಮ್ಮದೆನ್ನುತ್ತೇವೆ. ಆ ಲೆಕ್ಕದಲ್ಲಿ ಇದೇ ದೇಶದ ರಾಬಿಗ್‌ನಲ್ಲಿ ನನ್ನವು ಮೂರು ಗೋದಾಮುಗಳಿವೆ. ಅವುಗಳ ಬಗ್ಗೆ ಯಾರೂ ಸಂಶಯಪಟ್ಟಿಲ್ಲ.

ಆ ಚರ್ಚಿನ ದುರಸ್ತಿಯ ನಕ್ಷೆ ಬರೆಯುವ ಕೆಲಸ ಅಲ್ ಖೋಬರಿನ ನಮ್ಮ ಕಚೇರಿಗೆ ಬಂದಿತ್ತು. ಇಂಗ್ಲೆಂಡಿನಿಂದ ಬಂದ ಫೋಟೊ, ಅಳತೆ ನೋಡಿಕೊಂಡು ಹನ್ನೊಂದು ತಿಂಗಳು ಒಂದೊಂದೇ ಕಲ್ಲು ಬರೆದೆ. ಎಂಟುನೂರು ವರ್ಷದ ಕಟ್ಟಡ. ಜನ ಕೂರುವ ಉದ್ದನೆಯ ಹಜಾರ, ಅದರ ಪೂರ್ವಕ್ಕೊಂದು ಕಮಾನು, ಕಮಾನಿನಾಚೆ ಬಲಿಪೀಠದ ಕೋಣೆ. ಈ ಕೋಣೆ ಹಜಾರದ ನೇರಕ್ಕಿರಲಿಲ್ಲ, ತುಸು ಎಡಕ್ಕೆ ವಾಲಿತ್ತು. ಅಳತೆ ತೆಗೆದವರೇ ತಪ್ಪಿರಬೇಕೆಂದು ನಾನು ಅದನ್ನು ನೆಟ್ಟಗೆ ಮಾಡಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ಪಾಲಿಗೆ ನೆಲ ನಿಜಕ್ಕೂ ಡೊಂಕಾಗಿತ್ತು, ನಾನು ನಂಬಲಿಲ್ಲ.

ನಕ್ಷೆಗೆ ಒಪ್ಪಿಗೆ ಸಿಕ್ಕ ಮೇಲೆ ಪುಸ್ತಕವೊಂದರಲ್ಲಿ ಓದಿದೆ, ಅಂಥ ಹಳೆಯ ಚರ್ಚುಗಳಲ್ಲಿ ಹಲವು ಹೀಗೆಯೇ ವಾಲಿವೆಯಂತೆ. ಶಿಲುಬೆಯ ಮೇಲೆ ಯೇಸು ವಾಲಿಸಿದ ತಲೆಯ ನೆನಪಿಗೆ ಎನ್ನುವವರುಂಟು. ಹಜಾರ ಒಂದು ಕಾಲದ್ದು, ಕೋಣೆ ಇನ್ನೊಂದು ಕಾಲದ್ದು, ನಡುವೆ ಕಲ್ಲುಕುಟಿಗರ ಅಳತೆಯ ಹಗ್ಗ ಜಾರಿತು ಎನ್ನುವವರೂ ಉಂಟು. ತಪ್ಪಿದ್ದು ಅಳತೆಯವರಲ್ಲ, ನಾನು. ನಮ್ಮ ಮುಖ್ಯಸ್ಥರಾದ ಉಗ್ಗಪ್ಪನವರಿಗೆ ಹೇಳಿದೆ. “ಅಪ್ರೂವ್ ಆದ ಡ್ರಾಯಿಂಗ್ ಮಾರಾಯ, ಇನ್ನು ಅದಕ್ಕೆ ಕೈ ಹಾಕ್ಬೇಡ” ಎಂದರು. ಇಂಗ್ಲೆಂಡಿನಲ್ಲಿ ದುರಸ್ತಿ ಮಾಡಿಸುವವರಿಗೆ ಆರು ಮೇಲ್ ಕಳಿಸಿದೆ. ‘ತಲುಪಿದೆ, ಧನ್ಯವಾದ’ ಎಂದು ಯಂತ್ರ ಆರು ಸಲವೂ ಉತ್ತರಿಸಿತು. ಬರುವ ತಿಂಗಳು ಹೊಸ ಮಾಡಿನ ತೊಲೆಗಳನ್ನು ನನ್ನ ಅಳತೆಗೆ ಕೊಯ್ಯುತ್ತಾರೆ. ಅವು ಕೂರದಿದ್ದರೆ? ತೊಲೆ ಹೊಸದು, ಗೋಡೆ ಹಳೆಯದು. ಕೆತ್ತುವುದು ಹಳೆಯದನ್ನೇ ಎಂದು ಬೇರೆ ಹೇಳಬೇಕೆ?

ಹೆಂಡತಿ ಜುವೈರಿಯಾ ಎಲ್ಲ ಕೇಳಿಸಿಕೊಂಡು, “ಅದು ಅವರ ನಮಾಜಿನ ಜಾಗ ಅಲ್ವಾ? ಹೋಗಿ ಹೇಳಿ ಬನ್ನಿ” ಎಂದಳು. ಹಾಗೆ ಹಾಕಿದ ಅರ್ಜಿ ಇದು. ಈಗ ನನ್ನ ಕೈಯಲ್ಲಿ ಏನೂ ಉಳಿದಿಲ್ಲ.

ನನ್ನನ್ನು ಬಿಡದಿದ್ದರೆ ಬೇಡ. ತಮಗಂತೂ ಅಲ್ಲಿಗೆ ವೀಸಾ ಬೇಕಿಲ್ಲವಲ್ಲ. ಒಂದು ಭಾನುವಾರ ಹೋಗಿ, ಪಶ್ಚಿಮದ ಬಾಗಿಲಲ್ಲಿ ನಿಂತು ನೇರ ನೋಡಿ. ಬಲಿಪೀಠ ನಡುಮಧ್ಯೆ ಕಂಡರೆ ನನ್ನ ಅರ್ಜಿ ಹರಿದುಹಾಕಿ. ಎಡಕ್ಕೆ ಸರಿದು ಕಂಡರೆ, ಗರಗಸ ಕೆಳಗಿಡಲು ಬಡಗಿಗೆ ಹೇಳಿ. ಗೋಡೆ ಸರಿಯಿದೆ, ನಕ್ಷೆ ಬರೆದವನು ತಪ್ಪಿದ್ದಾನೆ ಎನ್ನಿ.

ಇಂತಿ,
ತಮ್ಮ ಕಡತದಲ್ಲಿ ನಂಬಲು ಯೋಗ್ಯನಲ್ಲದ,
ಆ ಚರ್ಚನ್ನು ಒಮ್ಮೆಯೂ ಕಾಣದ
ಝುಹೈರ್
ಅಲ್ ಖೋಬರ್