ಬಿರುಗಾಳಿಯಲ್ಲಿ ನೋಡಿದ ಮನೆ

ಬಾಡಿಗೆ ಮನೆಯ ಒಲೆಯ ಪಕ್ಕದಿಂದ,
ಶನಿವಾರ, ಅಕ್ಟೋಬರ್ ೧೧

ಪ್ರೀತಿಯ ‘ರೀ’ ಅವರಿಗೆ,

ಹೇಗಿದ್ದೀರಿ? ಎಂಜಿನ್ ಕೋಣೆಯಲ್ಲಿ ಸುಟ್ಟುಕೊಂಡ ಕೈ ವಾಸಿಯಾಯಿತೇ? ಹಡಗಿನಲ್ಲಿ ನೀವು ಬೇಯುತ್ತೀರಿ, ಇಲ್ಲಿ ನಾವು ಹೆಪ್ಪುಗಟ್ಟುತ್ತೇವೆ. ಒಂದೇ ಸಂಸಾರಕ್ಕೆ ಬಿಸಿ ಹಂಚುವಾಗ ದೇವರ ಕೈ ಯಾಕೋ ತಪ್ಪಿದೆ. ನಿಮ್ಮಮ್ಮ ಆರೋಗ್ಯವಾಗಿದ್ದಾರೆ, ಅವರ ಬಾಯಿ ಇನ್ನೂ ಆರೋಗ್ಯವಾಗಿದೆ. ನನ್ನದು ಇದ್ದದ್ದೇ, ಬೆಳಿಗ್ಗೆ ಒಗ್ಗರಣೆ, ಆಮೇಲೆ ಶಾಲೆಯಲ್ಲಿ ವ್ಯಾಕರಣ. ಎರಡರಲ್ಲೂ ಸಿಡಿಯುತ್ತೇನೆ ಎಂದು ಶಾಲೆಯ ಮಕ್ಕಳ ದೂರು.

ನಿಮ್ಮ ಕಾಗದ ಸಿಕ್ಕಿತು. ಗುಡ್ಡದ ಮೇಲಿನ ಮನೆಯನ್ನೇ ಕೊಳ್ಳೋಣ, ಅದರ ಸಾಲಕ್ಕಾಗಿ ಈ ಚಳಿಗಾಲವೂ ಹಡಗಿನ ಕೆಲಸಕ್ಕೆ ಒಪ್ಪಿಗೆ ಬರೆದುಕೊಡುತ್ತೇನೆ, ತಿಂಗಳ ಕೊನೆಯೊಳಗೆ ನಿನ್ನ ಅಭಿಪ್ರಾಯ ತಿಳಿಸು ಎಂದಿದ್ದೀರಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಮದುವೆ ಮಾಡಿಕೊಂಡು ನೋಡಿದ್ದಾಯಿತು, ಗಂಡನನ್ನು ನೋಡುವುದು ಮಾತ್ರ ಬಾಕಿ ಇದೆ. ಫೋಟೋದಲ್ಲಿ ಆ ದೊಡ್ಡ ಗಾಜಿನ ಕಿಟಕಿ, ಅದರಾಚೆಯ ಸಮುದ್ರ ನೋಡಿ ಸೋತುಹೋಗಿದ್ದೀರಿ. ವರ್ಷವಿಡೀ ಅದರ ಮೇಲೇ ಇದ್ದು, ಮನೆಗೆ ಬಂದಾಗಲೂ ಅದನ್ನೇ ನೋಡುವ ಆಸೆಯೆಂದರೆ, ಸಮುದ್ರ ನನಗೆ ಸವತಿಯಲ್ಲದೆ ಮತ್ತೇನು?

ಆ ಮನೆಯನ್ನು ಬಿಸಿಲಿನ ದಿನ ತೋರಿಸಬೇಕೆಂದು ದಲ್ಲಾಳಿಗೆ ಬಹಳ ಆಸೆ ಇತ್ತು. ಅತ್ತೆ ಬಿಡಲಿಲ್ಲ. “ಸಿಟ್ಟು ಬಂದಾಗ ಮನುಷ್ಯನ್ನ ನೋಡ್ಬೇಕು, ಗಾಳಿ ಎದ್ದಾಗ ಮನೆ ನೋಡ್ಬೇಕು” ಎಂದು, ಊರೆಲ್ಲ ಬಾಗಿಲು ಹಾಕಿಕೊಂಡ ದಿನವೇ ನನ್ನನ್ನೂ ಕರೆದುಕೊಂಡು ಹೊರಟರು. ಗುಡ್ಡ ಹತ್ತುವಷ್ಟರಲ್ಲಿ ದಲ್ಲಾಳಿಯ ಟೋಪಿ ಹಾರಿಹೋಯಿತು, ಉತ್ಸಾಹ ಅದರ ಹಿಂದೆಯೇ ಹೋಯಿತು. ಒಳಗೆ ಅತ್ತೆ ನಿಮ್ಮ ಕಿಟಕಿಯ ಎದುರು ಕುರ್ಚಿ ಹಾಕಿಸಿಕೊಂಡು, ಲೋಟದೊಳಗೆ ಮೋಂಬತ್ತಿ ಹಚ್ಚಿಟ್ಟು ಅದನ್ನೇ ನೋಡುತ್ತ ಕೂತರು. ಕಿಟಕಿ ಮುಚ್ಚಿದ್ದರೂ ಜ್ವಾಲೆ ನಮಸ್ಕಾರ ಮಾಡಿದಂತೆ ಬಗ್ಗಿ, ಆರಿಯೇ ಹೋಯಿತು. “ಅದು ವೆಂಟಿಲೇಷನ್ ಅಮ್ಮಾ” ಎಂದ ದಲ್ಲಾಳಿ. “ನಿನ್ನ ವೆಂಟಿಲೇಷನ್ ನನ್ನ ಸೊಂಟಕ್ಕೆ ಬೇಡಪ್ಪಾ” ಎಂದರು ಅತ್ತೆ. ನೀರಿನ ಪೈಪು ಹೊರಗೋಡೆಯ ಮೇಲೆ ಬೆತ್ತಲೆಯಾಗಿ ಹಾದುಹೋಗಿದೆ, ಮೊದಲ ಹಿಮಕ್ಕೇ ಒಡೆಯುತ್ತದೆ. ಛಾವಣಿ ಬಾಗಿಲ ಕಡೆಗೇ ಇಳಿಜಾರು. ಜಾರಿದ ಹಿಮವೆಲ್ಲ ಹೊಸ್ತಿಲ ಮುಂದೆ ಗುಡ್ಡೆ ಬೀಳಬೇಕು. ಹಿಮ ತೆಗೆಯುವ ಗಾಡಿ ಊರೆಲ್ಲ ಸುತ್ತಿ ಕೊನೆಗೆ ಅಲ್ಲಿಗೆ ಹತ್ತುವುದಂತೆ.

ಇಳಿದು ಬರುವಾಗ, ಬಂದದ್ದು ಬಂದಿರಿ ಎಂದು ದಲ್ಲಾಳಿ ಓಣಿಯ ಮನೆಯೊಂದನ್ನು ಅರೆಮನಸ್ಸಿನಿಂದ ತೋರಿಸಿದ. ತಗ್ಗು ಸೂರು, ಎರಡೇ ಕೋಣೆ, ಪುಸ್ತಕದಷ್ಟಗಲದ ಕಿಟಕಿಗಳು. ಪಕ್ಕದಲ್ಲಿ ಬಟ್ಟೆ ಹೊಲಿಯುವ ಹೆಂಗಸಿನ ಮನೆ, ನಡುವೆ ಒಂದೇ ಗೋಡೆ. “ಮಿಷನ್ ಸದ್ದು ಕೇಳುತ್ತೆ, ಈಗಲೇ ಹೇಳಿಬಿಡ್ತೀನಿ” ಎಂದ, ಪಾಪ. ಆ ಗೋಡೆಯಾಚೆ ಅವಳ ಒಲೆ ಉರಿಯುತ್ತಿತ್ತು. ಅತ್ತೆ ಬೆನ್ನು ಆನಿಸಿ ನಿಂತು, ಕಣ್ಣು ಮುಚ್ಚಿ, ಮೋಂಬತ್ತಿ ಹಚ್ಚುವುದನ್ನೇ ಮರೆತರು. ನಾನು ಮಾತ್ರ ಸದ್ದು ಕೇಳುತ್ತಿದ್ದೆ. ಅದು ನಮಗೆ ಕೇಳಿದರೆ, ನಮ್ಮ ಸದ್ದೂ ಅವಳಿಗೆ ಕೇಳುತ್ತದೆ.

ಇದು ಯಾಕೆ ಮುಖ್ಯವೆಂದು ಹೇಳಲೇಬೇಕು. ಕಳೆದ ಚಳಿಗಾಲ ‘ಅತ್ತೆಗೆ ಸ್ವಲ್ಪ ನೆಗಡಿ’ ಎಂದು ಬರೆದಿದ್ದೆನಲ್ಲ, ಅದು ಅವರೇ ಬರೆಸಿದ ಮಾತು. ನಡೆದದ್ದು ಬೇರೆ. ಅವರು ಅಡುಗೆಕೋಣೆಯಲ್ಲಿ ಬಿದ್ದರು, ಏಳಲಾಗಲಿಲ್ಲ. ಫೋನ್ ಸತ್ತಿತ್ತು. ಈ ಮನೆಯ ಬಾಗಿಲು ಹೊರಕ್ಕೆ ತೆರೆಯುವಂಥದ್ದು, ಆಚೆ ಹಿಮ ಎದೆಮಟ್ಟ ಕೂತಿತ್ತು. ಕೂಗಿದೆ, ತಟ್ಟೆ ಬಡಿದೆ. ಒಂಟಿ ಮನೆ, ಸುತ್ತ ಗಾಳಿ, ಯಾರಿಗೂ ಕೇಳಲಿಲ್ಲ. ಕೊನೆಗೆ ಅವರನ್ನು ತಬ್ಬಿಕೊಂಡು ನೆಲದ ಮೇಲೇ ಮಲಗಿದೆ. ಮರುದಿನ ದಾರಿಯ ಹಿಮ ತೆಗೆಯುವವರು ಬಂದು ಬಾಗಿಲು ಬಿಡಿಸಿ ಎಳೆದರು. ಅಷ್ಟು ಹೊತ್ತೂ ಅತ್ತೆ ಅಳಲಿಲ್ಲ, “ಅವನಿಗೆ ಹೇಳ್ಬೇಡ ಕಣೇ, ಕಡಲಲ್ಲಿ ಇರೋನು ಏನ್ ಮಾಡ್ತಾನೆ” ಎಂದಷ್ಟೇ ಅನ್ನುತ್ತಿದ್ದರು.

ಎಲ್ಲ ಯೋಚಿಸಿ, ಯಾವುದು ಆಗಬಹುದೆಂದು ನೀವೇ ಹೇಳಿ. ಮನೆಯ ಯಜಮಾನರಲ್ಲವೇ! ಅತ್ತೆಯ ಆಶೀರ್ವಾದಗಳು. ಕೈಗೆ ಮುಲಾಮು ಹಚ್ಚಿಕೊಳ್ಳಿ, ಉದಾಸೀನ ಬೇಡ.

ಇಂತಿ,
ನಿಮ್ಮ ಅರ್ಧಾಂಗಿ
(ಸದ್ಯಕ್ಕೆ ಪೂರ್ತಿ ಭಾರ ಹೊತ್ತವಳು)

ಮರೆತ ವಿಷಯ: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ಓಣಿಯ ಮನೆಗೆ ನಿನ್ನೆಯೇ ಮಾತು ಕೊಟ್ಟುಬಿಟ್ಟೆ. ಅದರ ಸಾಲಕ್ಕೆ ನನ್ನ ಸಂಬಳ, ನಿಮ್ಮ ಬೇಸಿಗೆಯ ಹಡಗು ಸಾಕು. ಚಳಿಗಾಲಕ್ಕೆ ಒಪ್ಪಿಗೆ ಬರೆಯಬೇಡಿ. ಅಲ್ಲಿ ಎರಡೂ ಮನೆಗೆ ಒಂದೇ ಛಾವಣಿ; ಹಿಮವನ್ನು ಎರಡೂ ಕಡೆಯವರು ಜೊತೆಗೇ ಕೆಡವಬೇಕಂತೆ, ಇಲ್ಲದಿದ್ದರೆ ಭಾರ ಒಂದೇ ಕಡೆಗೆ ಬಿದ್ದು ತೊಲೆ ಬಾಗುತ್ತದಂತೆ. “ನಿಮ್ಮ ಕಡೆಯಿಂದ ಯಾರು ಹತ್ತುತ್ತಾರೆ?” ಎಂದು ಆ ಹೆಂಗಸು ಕೇಳಿದಳು. “ನಮ್ಮೆಜಮಾನ್ರು” ಅಂದೆ. ಹೊಸ ನೆರೆಯವಳಿಗೆ ನಾನಾಡಿದ ಮೊದಲ ಮಾತು ಅದು. ಸುಳ್ಳು ಮಾಡಬೇಡಿ.